ಏಳು ಸಲ ಗೆದ್ದವರ ಲೆಕ್ಕ: ವ್ಯಕ್ತಿಯ ಪಾಲೆಷ್ಟು, ಕ್ಷೇತ್ರದ ಪಾಲೆಷ್ಟು?

ಜನಗಣತಿ, ಕ್ಷೇತ್ರ ಮರುವಿಂಗಡಣೆ, ಮಹಿಳಾ ಮೀಸಲಾತಿ. ಈ ಮೂರರ ಸುದ್ದಿ ಒಂದರ ಬೆನ್ನಿಗೆ ಒಂದು ಬರತೊಡಗಿದ ಮೇಲೆ ವಿಜಯಪುರದವರಿಗೆ ಗೊಂದಲ ಜಾಸ್ತಿಯಾಗಿದೆ. ನಮ್ಮ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಗಿಯೇ ಉಳಿಯುತ್ತಾ, ಸಾಮಾನ್ಯ ಆಗುತ್ತಾ? ಮಹಿಳೆಯರಿಗೆ ಹೋಗುತ್ತಾ? ಗ್ರಾಮ ಪಂಚಾಯಿತಿಯಲ್ಲಿ ಮೀಸಲಾತಿ ಆಗಾಗ ಬದಲಾಗುತ್ತದೆ, ಇಲ್ಲಿ ಯಾಕೆ ಬದಲಾಗುವುದಿಲ್ಲ?

ಕೇಳುವುದು ಕ್ಷೇತ್ರದ ಬಗ್ಗೆ. ಆದರೆ ಮಾತು ಕೊನೆಗೆ ಬಂದು ನಿಲ್ಲುವುದು ಒಬ್ಬ ವ್ಯಕ್ತಿಯ ಹತ್ತಿರ. ಅವರೇ ಸಂಸದ ರಮೇಶ ಜಿಗಜಿಣಗಿ. 1998ರಿಂದ 2024ರವರೆಗೆ ನಡೆದ ಏಳು ಲೋಕಸಭಾ ಚುನಾವಣೆಗಳಲ್ಲಿ ಏಳನ್ನೂ ಗೆದ್ದವರು. ಇಂಥ ದಾಖಲೆ ಕಂಡಾಗ ಒಂದು ಕಡೆಯವರು 'ಜನಪ್ರಿಯತೆ ಅಂದ್ರೆ ಇದು' ಅನ್ನುತ್ತಾರೆ. ಇನ್ನೊಂದು ಕಡೆಯವರು 'ಅಲೆ ಇತ್ತು, ಗೆದ್ರು' ಅನ್ನುತ್ತಾರೆ. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ಈ ಎರಡೂ ಮಾತಿನಲ್ಲಿ ಬರದ ಒಂದು ಸಂಗತಿ ಇದೆ. ಕ್ಷೇತ್ರದ ಗಡಿಯನ್ನು ಯಾರು ಎಳೆದರು, ಅದಕ್ಕೆ ಮೀಸಲಾತಿ ಯಾವಾಗ ಬಂತು ಅನ್ನುವುದು. ಮುಂದಿನ ಮರುವಿಂಗಡಣೆ ಏನು ಮಾಡಬಹುದು ಅಂತ ತಿಳಿಯಬೇಕಾದರೆ ಹಿಂದಿನದು ಏನು ಮಾಡಿತು ಅಂತ ಮೊದಲು ನೋಡಬೇಕು.

ಏಳೋ, ಹತ್ತೋ?

ಮೊದಲು ಎಣಿಕೆಯನ್ನೇ ಸರಿ ಮಾಡಿಕೊಳ್ಳೋಣ. ಒಬ್ಬರು ಏಳು ಸಲ ಅನ್ನುತ್ತಾರೆ, ಇನ್ನೊಬ್ಬರು ಹತ್ತು ಸಲ ಅನ್ನುತ್ತಾರೆ. ಇಬ್ಬರದೂ ಸರಿ. ಲೋಕಸಭೆಗೆ ಏಳು ಸಲ: 1998, 1999, 2004ರಲ್ಲಿ ಚಿಕ್ಕೋಡಿಯಿಂದ, 2009, 2014, 2019, 2024ರಲ್ಲಿ ವಿಜಯಪುರದಿಂದ. ಅದಕ್ಕೂ ಮುಂಚೆ ಬಳ್ಳೊಳ್ಳಿ ಕ್ಷೇತ್ರದಿಂದ 1983, 1985, 1994ರಲ್ಲಿ ಮೂರು ಸಲ ವಿಧಾನಸಭೆಗೆ. ಕೂಡಿದರೆ ಹತ್ತು.

ಈ ಪಟ್ಟಿಯಲ್ಲಿ 1989 ಇಲ್ಲ. ರಾಜ್ಯದಲ್ಲಿ ಕಾಂಗ್ರೆಸ್ 178 ಸೀಟು ಗೆದ್ದ ವರ್ಷ ಅದು. ಹಾಗಾಗಿ 'ಸೋಲನ್ನೇ ಕಾಣದ ನಾಯಕ' ಅನ್ನುವ ಮಾತನ್ನು ಲೋಕಸಭೆಯ ಮಟ್ಟಿಗೆ ಮಾತ್ರ ಇಟ್ಟುಕೊಳ್ಳುವುದು ಒಳ್ಳೆಯದು.

ಎಣಿಕೆ ಹೇಗೆ ದಾರಿ ತಪ್ಪಿಸುತ್ತದೆ ಅನ್ನುವುದಕ್ಕೆ ಪಕ್ಕದ ಬೆಳಗಾವಿ ಜಿಲ್ಲೆಯಲ್ಲಿ ಇನ್ನೂ ಸೊಗಸಾದ ಉದಾಹರಣೆ ಇದೆ. ಹುಕ್ಕೇರಿಯ ಉಮೇಶ ಕತ್ತಿ ಎಂಟು ಸಲ ಶಾಸಕರಾದವರು. 2022ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡಾಗ ಎಲ್ಲ ಕಡೆಯೂ ಇದೇ ಅಂಕಿ ಬಂತು. ಆದರೆ ಎಂಟರಲ್ಲಿ ಎರಡು ಗೆಲುವು ಒಂದೇ ವರ್ಷದ್ದು. 2008ರ ಮೇ ತಿಂಗಳಲ್ಲಿ ಜೆಡಿಎಸ್‌ನಿಂದ ಗೆದ್ದರು. ಆಗ ಬಿಜೆಪಿಗೆ ಬಂದಿದ್ದು 110 ಸೀಟು, ಬಹುಮತಕ್ಕೆ ಬೇಕಿದ್ದದ್ದು 113. ಬೇರೆ ಪಕ್ಷದ ಶಾಸಕರು ರಾಜೀನಾಮೆ ಕೊಟ್ಟು ಬಿಜೆಪಿಗೆ ಬರುವ 'ಆಪರೇಷನ್ ಕಮಲ' ಶುರುವಾಯಿತು. ಕತ್ತಿಯವರೂ ಹಾಗೆ ಬಂದರು, ಡಿಸೆಂಬರ್‌ನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಮತ್ತೆ ಗೆದ್ದರು. ಮತದಾರರು ಅವರೇ, ಅಭ್ಯರ್ಥಿಯೂ ಅವರೇ, ಚಿಹ್ನೆ ಮಾತ್ರ ಬೇರೆ. ನಡುವೆ 2004ರಲ್ಲಿ ಕಾಂಗ್ರೆಸ್‌ನಿಂದ ನಿಂತು ಸೋತಿದ್ದರು ಅನ್ನುವುದು 'ಎಂಟು' ಅನ್ನುವ ಅಂಕಿಯಲ್ಲಿ ಕಾಣುವುದೇ ಇಲ್ಲ.

ಚಿಕ್ಕೋಡಿಯಿಂದ ವಿಜಯಪುರಕ್ಕೆ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಚಿಕ್ಕೋಡಿಯಲ್ಲಿ ಸತತ ಮೂರು ಸಲ ಗೆದ್ದವರು 2009ರಲ್ಲಿ ವಿಜಯಪುರಕ್ಕೆ ಯಾಕೆ ಬಂದರು? ಜಿಗಜಿಣಗಿ ಮೂಲತಃ ಇಂಡಿ ತಾಲ್ಲೂಕಿನ ಅಥರ್ಗಾದವರು. ಊರಿಗೆ ಮರಳಿದರು ಅಂತ ಹೇಳಿ ಮುಗಿಸಬಹುದು. ಆದರೆ ನಿಜವಾದ ಕಾರಣ 2008ರ ಮರುವಿಂಗಡಣೆ.

ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ 2001ರ ಜನಗಣತಿ ಇಟ್ಟುಕೊಂಡು ದೇಶದ ಕ್ಷೇತ್ರಗಳ ನಕ್ಷೆಯನ್ನು ಹೊಸದಾಗಿ ಬರೆಯಿತು. ಅದಕ್ಕೂ ಮುಂಚೆ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾದ ಲೋಕಸಭಾ ಕ್ಷೇತ್ರಗಳು ನಾಲ್ಕು: ಬೀದರ್, ಚಿಕ್ಕೋಡಿ, ಚಾಮರಾಜನಗರ, ಕೋಲಾರ. ಹೊಸ ನಕ್ಷೆಯಲ್ಲಿ ಬೀದರ್ ಮತ್ತು ಚಿಕ್ಕೋಡಿ ಸಾಮಾನ್ಯ ಕ್ಷೇತ್ರಗಳಾದವು. ವಿಜಯಪುರ, ಕಲಬುರಗಿ, ಚಿತ್ರದುರ್ಗ ಹೊಸದಾಗಿ ಮೀಸಲಾದವು. ಒಟ್ಟು ಐದು. ಐದು ಹೇಗೆ ಬಂತು ಅಂದರೆ, 2001ರಲ್ಲಿ ರಾಜ್ಯದ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರ ಪಾಲು ಶೇ 16.2. ಇರುವ 28 ಸೀಟಿಗೆ ಆ ಲೆಕ್ಕ ಹಾಕಿದರೆ ನಾಲ್ಕೂವರೆ ದಾಟುತ್ತದೆ.

ಒಂದೇ ಆದೇಶದಿಂದ ಎರಡು ಜಿಲ್ಲೆಗಳ ರಾಜಕಾರಣ ಅದಲು ಬದಲಾಯಿತು. ಚಿಕ್ಕೋಡಿಯಲ್ಲಿ ಜಿಗಜಿಣಗಿ ಹಾಲಿ ಸಂಸದ. ಕ್ಷೇತ್ರ ಸಾಮಾನ್ಯವಾದ ತಕ್ಷಣ ಅಲ್ಲಿ ಟಿಕೆಟ್‌ಗೆ ದೊಡ್ಡ ಮನೆತನಗಳು ಮುಂದೆ ಬಂದವು. ಇತ್ತ ವಿಜಯಪುರದಲ್ಲಿ 1999 ಮತ್ತು 2004ರಲ್ಲಿ ಬಿಜೆಪಿಯಿಂದ ಗೆದ್ದಿದ್ದವರು ಬಸನಗೌಡ ಪಾಟೀಲ ಯತ್ನಾಳ. ಕೇಂದ್ರದಲ್ಲಿ ರಾಜ್ಯ ಸಚಿವರೂ ಆಗಿದ್ದವರು. ಕ್ಷೇತ್ರ ಮೀಸಲಾದ ಮೇಲೆ ಅವರು ಅಲ್ಲಿ ಅರ್ಜಿ ಹಾಕುವ ಹಾಗೇ ಇರಲಿಲ್ಲ. ಅವರು ಬಿಟ್ಟ ಜಾಗಕ್ಕೆ ಅದೇ ಪಕ್ಷದ ಜಿಗಜಿಣಗಿ ಬಂದರು. ಯತ್ನಾಳರ ರಾಜಕೀಯ ಅದಾದ ಮೇಲೆ ಹಿಡಿದ ಅಂಕುಡೊಂಕಿನ ದಾರಿ, ಅಂದರೆ ಪಕ್ಷ ಬಿಟ್ಟಿದ್ದು, ಮರಳಿದ್ದು, ಪಕ್ಷೇತರರಾಗಿ ವಿಧಾನ ಪರಿಷತ್ತಿಗೆ ಹೋಗಿದ್ದು, 2018ರಲ್ಲಿ ವಿಜಯಪುರ ನಗರದಿಂದ ಮತ್ತೆ ಶಾಸಕರಾಗಿದ್ದು, 2025ರ ಮಾರ್ಚ್‌ನಲ್ಲಿ ಬಿಜೆಪಿಯಿಂದ ಉಚ್ಚಾಟನೆ, ಇವಕ್ಕೆಲ್ಲ ಆ ನಕ್ಷೆಯೊಂದೇ ಕಾರಣ ಅನ್ನಲಾಗದು. ಆದರೆ ಲೋಕಸಭೆಯ ಬಾಗಿಲು ಮುಚ್ಚಿದ್ದು ಅಲ್ಲಿಂದಲೇ.

ಇದು ಒಬ್ಬಿಬ್ಬರಿಗೆ ಆದದ್ದಲ್ಲ. ಮಲ್ಲಿಕಾರ್ಜುನ ಖರ್ಗೆ ಗುರುಮಠಕಲ್‌ನಿಂದ ಸತತ ಎಂಟು ಸಲ ಗೆದ್ದವರು. 2008ರಲ್ಲಿ ಆ ಕ್ಷೇತ್ರ ಸಾಮಾನ್ಯವಾಯಿತು. ಅವರು ಚಿತ್ತಾಪುರಕ್ಕೆ ಹೋದರು, ಮರುವರ್ಷ ಹೊಸದಾಗಿ ಮೀಸಲಾದ ಕಲಬುರಗಿಯಿಂದ ಲೋಕಸಭೆಗೆ ಹೋದರು. ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ ಐದು ಸಲ ಗೆದ್ದಿದ್ದ ಗೋವಿಂದ ಕಾರಜೋಳ 2023ರಲ್ಲಿ ಆರ್.ಬಿ. ತಿಮ್ಮಾಪುರ ಎದುರು ಸೋತರು. ಮರುವರ್ಷವೇ ಚಿತ್ರದುರ್ಗಕ್ಕೆ ಹೋಗಿ 48,121 ಮತಗಳಿಂದ ಗೆದ್ದು ಸಂಸದರಾದರು. ಸಾಮಾನ್ಯ ಕ್ಷೇತ್ರದ ನಾಯಕ ಸೋತರೆ ಊರಲ್ಲೇ ಉಳಿದು ಐದು ವರ್ಷ ಕಾಯುತ್ತಾನೆ. ಮೀಸಲು ಕ್ಷೇತ್ರದ ನಾಯಕ ಮೀಸಲಾತಿ ಎಲ್ಲಿದೆಯೋ ಅಲ್ಲಿಗೆ ಹೋಗಬೇಕಾಗುತ್ತದೆ. ಅವರನ್ನು 'ಹೊರಗಿನವರು' ಅಂತ ಟೀಕಿಸುವುದು ಸುಲಭ. ನಕ್ಷೆಯೇ ಅವರನ್ನು ಹೊರಗೆ ಕಳಿಸಿತ್ತು ಅನ್ನುವುದನ್ನೂ ನೆನಪಿಡಬೇಕು, ಅಲ್ವಾ?

ಪಕ್ಷ ಮೂರು, ಬಣ ಒಂದೇ

ಜಿಗಜಿಣಗಿ ಲೋಕಸಭೆಗೆ 1998ರಲ್ಲಿ ಲೋಕಶಕ್ತಿಯಿಂದ, 1999ರಲ್ಲಿ ಜೆಡಿಯುದಿಂದ, 2004ರಿಂದ ಈಚೆಗೆ ಬಿಜೆಪಿಯಿಂದ ಗೆದ್ದರು. ಮೇಲ್ನೋಟಕ್ಕೆ ಪಕ್ಷಾಂತರದ ಕಥೆ. ಹತ್ತಿರದಿಂದ ನೋಡಿದರೆ ಹಾಗಿಲ್ಲ. ಅವರು ರಾಮಕೃಷ್ಣ ಹೆಗಡೆಯವರ ಬಳಗದವರು. ಹೆಗಡೆ 1997ರಲ್ಲಿ ಲೋಕಶಕ್ತಿ ಕಟ್ಟಿ ಬಿಜೆಪಿ ಜೊತೆ ಹೊಂದಾಣಿಕೆ ಮಾಡಿಕೊಂಡರು. 1999ರಲ್ಲಿ ಆ ಬಳಗ ಜೆಡಿಯು ಆಯಿತು, ಹೊಂದಾಣಿಕೆ ಮುಂದುವರಿಯಿತು. 2004ರ ಹೊತ್ತಿಗೆ ಆ ಬಳಗದ ಹಲವರು ಬಿಜೆಪಿಯೊಳಗೇ ಬಂದಿದ್ದರು. ಅಂದರೆ ಬೋರ್ಡು ಎರಡು ಸಲ ಬದಲಾಯಿತು, ನಿಂತ ಕಡೆ ಬದಲಾಗಲಿಲ್ಲ. ಏಳೂ ಚುನಾವಣೆಗಳಲ್ಲಿ ಅವರು ಬಿಜೆಪಿ ಅಥವಾ ಅದರ ಮಿತ್ರಪಕ್ಷದ ಅಭ್ಯರ್ಥಿಯೇ.

ಇದರಲ್ಲಿ 1999ರ ಗೆಲುವು ಬೇರೆ ಥರದ್ದು. ಆ ವರ್ಷ ಕರ್ನಾಟಕದಲ್ಲಿ ಗಾಳಿ ಕಾಂಗ್ರೆಸ್ ಕಡೆ ಇತ್ತು. 28ರಲ್ಲಿ 18 ಸೀಟು ಅವರದ್ದು. ಬಿಜೆಪಿಗೆ 7, ಜೆಡಿಯುಗೆ 3. ಆ ಮೂರರಲ್ಲಿ ಚಿಕ್ಕೋಡಿಯೂ ಒಂದು. ಅಲೆಯಿಂದ ಗೆದ್ದರು ಅನ್ನುವ ವಾದ 2014ಕ್ಕೆ, 2019ಕ್ಕೆ ಹೊಂದಬಹುದು. 1999ಕ್ಕೆ ಹೊಂದುವುದಿಲ್ಲ.

ಅಂತರ ಇಳಿದರೂ ಮತ ಏರಿತು

ಚುನಾವಣೆ ಮುಗಿದ ಮೇಲೆ ಎಲ್ಲರೂ ನೋಡುವುದು ಗೆಲುವಿನ ಅಂತರ. ವಿಜಯಪುರದ ನಾಲ್ಕು ಅಂತರಗಳು ಹೀಗಿವೆ: 2009ರಲ್ಲಿ 42,404, 2014ರಲ್ಲಿ 69,819, 2019ರಲ್ಲಿ 2,58,038, 2024ರಲ್ಲಿ 77,229. ಇದನ್ನಷ್ಟೇ ನೋಡಿದರೆ 2019ರಲ್ಲಿ ಜನಪ್ರಿಯತೆ ಶಿಖರಕ್ಕೆ ಏರಿತು, 2024ರಲ್ಲಿ ದೊಪ್ಪನೆ ಬಿತ್ತು ಅನ್ನಿಸುತ್ತದೆ.

ಈಗ ಮತಗಳನ್ನು ನೋಡಿ. 2019ರಲ್ಲಿ ಜಿಗಜಿಣಗಿ ಪಡೆದದ್ದು 6,35,867. 2024ರಲ್ಲಿ 6,72,781. ಅಂದರೆ ಸುಮಾರು 37 ಸಾವಿರ ಮತ ಜಾಸ್ತಿಯೇ ಆಗಿದೆ. ಹಾಗಾದರೆ ಅಂತರ ಮೂರನೇ ಒಂದಕ್ಕಿಂತ ಕೆಳಗೆ ಇಳಿದದ್ದು ಹೇಗೆ? ಉತ್ತರ ಎದುರಾಳಿಯ ಕಾಲಂನಲ್ಲಿದೆ. 2019ರಲ್ಲಿ ಕಾಂಗ್ರೆಸ್–ಜೆಡಿಎಸ್ ಮೈತ್ರಿ ಇತ್ತು, ಈ ಸೀಟನ್ನು ಜೆಡಿಎಸ್‌ಗೆ ಬಿಟ್ಟುಕೊಟ್ಟಿದ್ದರು. ಜೆಡಿಎಸ್‌ನ ಸುನೀತಾ ಚವ್ಹಾಣ ಅವರಿಗೆ ಬಂದದ್ದು 3,77,829. 2024ರಲ್ಲಿ ಕಾಂಗ್ರೆಸ್ ತನ್ನದೇ ಚಿಹ್ನೆಯಲ್ಲಿ ರಾಜು ಆಲಗೂರ ಅವರನ್ನು ನಿಲ್ಲಿಸಿತು. ಬಂದದ್ದು 5,95,552. ಎರಡು ಲಕ್ಷಕ್ಕೂ ಹೆಚ್ಚು ಮತ ಒಂದೇ ಸಲ ಏರಿತು.

ಮೈತ್ರಿ ಅಂದರೆ ಎರಡು ಪಕ್ಷಗಳ ಮತ ಕೂಡಿಸುವುದು ಅಂತ ಬೆಂಗಳೂರಿನಲ್ಲಿ ಕೂತು ಲೆಕ್ಕ ಹಾಕುತ್ತಾರೆ. ವಿಜಯಪುರದಲ್ಲಿ ಆದದ್ದು ಬೇರೆ. ಕೈ ಗುರುತು ಮತಯಂತ್ರದಲ್ಲೇ ಇಲ್ಲದಿದ್ದಾಗ ಕಾಂಗ್ರೆಸ್ ಮತ ಪೂರ್ತಿ ಜೆಡಿಎಸ್ ಕಡೆ ಹೋಗಲಿಲ್ಲ. 2014ರಲ್ಲಿ ಕಾಂಗ್ರೆಸ್‌ನ ಪ್ರಕಾಶ ರಾಠೋಡ ಒಬ್ಬರೇ 4,01,938 ಮತ ಪಡೆದಿದ್ದರು. ಐದು ವರ್ಷದ ನಂತರ ಎರಡು ಪಕ್ಷ ಕೂಡಿ ನಿಂತಾಗ ಅದಕ್ಕಿಂತ ಕಡಿಮೆ ಬಂತು.

2024ರಲ್ಲಿ ಇನ್ನೊಂದು ಬದಲಾವಣೆಯೂ ಇತ್ತು. ಹಿಂದಿನ ಮೂರೂ ಸಲ ಮುಖ್ಯ ಎದುರಾಳಿ ಲಂಬಾಣಿ ಸಮುದಾಯದವರು. ಈ ಸಲ ಕಾಂಗ್ರೆಸ್ ಆ ಲೆಕ್ಕ ಬಿಟ್ಟು ದಲಿತ ಸಮುದಾಯದ ಮಾಜಿ ಶಾಸಕರನ್ನು ಹುಡುಕಿತು. ಮೀಸಲು ಕ್ಷೇತ್ರದಲ್ಲಿ ಜಾತಿ ಲೆಕ್ಕ ಇರುವುದಿಲ್ಲ ಅಂತ ತಿಳಿದವರಿದ್ದಾರೆ. ಇರುತ್ತದೆ, ಬೇರೆ ಮಟ್ಟದಲ್ಲಿ ಇರುತ್ತದೆ ಅಷ್ಟೆ.

2023ರಲ್ಲಿ ಒಂದು, 2024ರಲ್ಲಿ ಇನ್ನೊಂದು

ವಿಜಯಪುರ ಲೋಕಸಭಾ ಕ್ಷೇತ್ರ ಮತ್ತು ವಿಜಯಪುರ ಜಿಲ್ಲೆ ಎರಡರದ್ದೂ ಅವೇ ಎಂಟು ವಿಧಾನಸಭಾ ಕ್ಷೇತ್ರ: ಮುದ್ದೇಬಿಹಾಳ, ದೇವರ ಹಿಪ್ಪರಗಿ, ಬಸವನ ಬಾಗೇವಾಡಿ, ಬಬಲೇಶ್ವರ, ವಿಜಯಪುರ ನಗರ, ನಾಗಠಾಣ, ಇಂಡಿ, ಸಿಂದಗಿ. ಹಾಗಾಗಿ ಹೋಲಿಕೆ ಸಲೀಸು.

2023ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಎಂಟರಲ್ಲಿ ಆರು ಕಾಂಗ್ರೆಸ್‌ಗೆ ಹೋದವು. ಬಿಜೆಪಿಗೆ ಸಿಕ್ಕಿದ್ದು ವಿಜಯಪುರ ನಗರ ಒಂದೇ, ದೇವರ ಹಿಪ್ಪರಗಿ ಜೆಡಿಎಸ್‌ಗೆ. ಗೆದ್ದವರಲ್ಲಿ ಎಂ.ಬಿ. ಪಾಟೀಲ, ಶಿವಾನಂದ ಪಾಟೀಲ ಇಬ್ಬರೂ ಸಚಿವರಾದರು. ಒಂದು ವರ್ಷ ಕಳೆಯಿತು. ಅದೇ ಜನ, ಅದೇ ಬೂತು, ಬಿಜೆಪಿ ಸಂಸದ 77 ಸಾವಿರ ಮತದಿಂದ ಗೆದ್ದರು.

ಇದನ್ನು ಮತದಾರರ ಗೊಂದಲ ಅನ್ನಬೇಕಿಲ್ಲ. ಶಾಸಕರ ಚುನಾವಣೆಯಲ್ಲಿ ಕಾಲುವೆ ನೀರು, ಪಂಪ್‌ಸೆಟ್ ಕರೆಂಟು, ಆಶ್ರಯ ಮನೆ, ಪೊಲೀಸ್ ಠಾಣೆಗೆ ಒಂದು ಫೋನು ನೆನಪಾಗುತ್ತವೆ. ಸಂಸದರ ಚುನಾವಣೆಯಲ್ಲಿ ಪ್ರಧಾನಿ ಯಾರಾಗಬೇಕು ಅನ್ನುವುದು. ಎರಡು ಕೆಲಸಕ್ಕೆ ಎರಡು ಥರದ ಮನುಷ್ಯರನ್ನು ಜನ ಆರಿಸುತ್ತಾರೆ. ರಾಜ್ಯದಲ್ಲಿ ಬಿಜೆಪಿ ಲೋಕಸಭೆಗೆ 2004ರಲ್ಲಿ 18, 2009ರಲ್ಲಿ 19, 2014ರಲ್ಲಿ 17, 2019ರಲ್ಲಿ 25, 2024ರಲ್ಲಿ 17 ಸೀಟು ಗೆದ್ದಿದೆ. ವಿಜಯಪುರ ಆ ದಾರಿಯಲ್ಲೇ ಇದೆ.

ಮೀಸಲಾತಿ ಇದ್ದರೆ ಸಾಕಾ?

ಚಿಕ್ಕೋಡಿಯ ಇತಿಹಾಸ ಇಲ್ಲಿ ಕಣ್ಣು ತೆರೆಸುವಂಥದ್ದು. 1967ರಿಂದ 2004ರವರೆಗೆ ಅಲ್ಲಿ 11 ಲೋಕಸಭಾ ಚುನಾವಣೆ ನಡೆದವು. ಗೆದ್ದವರು ಮೂರೇ ಜನ. ಕಾಂಗ್ರೆಸ್‌ನ ಬಿ. ಶಂಕರಾನಂದ 1967ರಿಂದ 1991ರವರೆಗೆ ಸತತ ಏಳು ಸಲ. 1996ರಲ್ಲಿ ಜನತಾದಳದ ರತ್ನಮಾಲಾ ಸವಣೂರ. ಆಮೇಲೆ ಜಿಗಜಿಣಗಿ ಮೂರು ಸಲ. ಏಳು ಸಲದ ಸಂಸದರು ಅಂದ ಕೂಡಲೇ ಈಗಿನವರ ಹೆಸರಷ್ಟೇ ನೆನಪಾಗುತ್ತದೆ. ಅದೇ ಚಿಕ್ಕೋಡಿಯಲ್ಲಿ ಅವರಿಗಿಂತ ಮುಂಚೆ, ಒಂದೇ ಕ್ಷೇತ್ರದಿಂದ ಏಳು ಸಲ ಗೆದ್ದ ದಲಿತ ನಾಯಕರು ಇದ್ದರು ಅನ್ನುವುದು ಹೊಸ ತಲೆಮಾರಿಗೆ ಗೊತ್ತಿದ್ದಂತಿಲ್ಲ.

2008ರಲ್ಲಿ ಚಿಕ್ಕೋಡಿ ಸಾಮಾನ್ಯವಾಯಿತು. ಅಲ್ಲಿಂದ ಈಚೆಗೆ ನಾಲ್ಕು ಚುನಾವಣೆ, ನಾಲ್ಕು ಸಂಸದರು: ರಮೇಶ ಕತ್ತಿ, ಪ್ರಕಾಶ ಹುಕ್ಕೇರಿ, ಅಣ್ಣಾಸಾಹೇಬ ಜೊಲ್ಲೆ, ಪ್ರಿಯಾಂಕಾ ಜಾರಕಿಹೊಳಿ. 2014ರಲ್ಲಿ ಹುಕ್ಕೇರಿ ಗೆದ್ದದ್ದು ಮೂರು ಸಾವಿರ ಚಿಲ್ಲರೆ ಮತದಿಂದ. ಒಬ್ಬರಿಗೂ ಎರಡನೇ ಸಲ ಸಿಗಲಿಲ್ಲ. ಇತ್ತ ಅದೇ ನಾಲ್ಕು ಚುನಾವಣೆಯಲ್ಲಿ ಮೀಸಲಾದ ವಿಜಯಪುರದಲ್ಲಿ ಒಬ್ಬರೇ ಸಂಸದರು.

ಹಾಗಾದರೆ ಮೀಸಲಾತಿಯೇ ಸ್ಥಿರತೆ ಕೊಡುತ್ತದೆ ಅಂತ ತೀರ್ಮಾನಿಸಬಹುದಾ? ಅವಸರ ಬೇಡ. ವಿಜಯಪುರ ಲೋಕಸಭೆಯ ಒಳಗೇ ಇರುವ ನಾಗಠಾಣ ಕೂಡ ಮೀಸಲು ಕ್ಷೇತ್ರ, ಹಳೆಯ ಬಳ್ಳೊಳ್ಳಿಯ ಜಾಗದಲ್ಲಿ 2008ರಲ್ಲಿ ಬಂದದ್ದು. ಅಲ್ಲಿ 2008ರಲ್ಲಿ ಬಿಜೆಪಿ, 2013ರಲ್ಲಿ ಕಾಂಗ್ರೆಸ್, 2018ರಲ್ಲಿ ಜೆಡಿಎಸ್, 2023ರಲ್ಲಿ ಮತ್ತೆ ಕಾಂಗ್ರೆಸ್. 2008ರಲ್ಲಿ ಬಿಜೆಪಿಯಿಂದ ಗೆದ್ದಿದ್ದ ವಿಠ್ಠಲ ಕಟಕಧೋಂಡ ಅವರೇ 2023ರಲ್ಲಿ ಕಾಂಗ್ರೆಸ್‌ನಿಂದ ಗೆದ್ದರು. ಮೀಸಲಾತಿ ಇದ್ದರೂ ಪ್ರತಿ ಸಲ ಕುರ್ಚಿ ಬದಲು. ಇನ್ನು ಬಾಗಲಕೋಟೆ ಲೋಕಸಭಾ ಕ್ಷೇತ್ರ ಸಾಮಾನ್ಯ ಕ್ಷೇತ್ರ. ಅಲ್ಲಿ ಬಿಜೆಪಿಯ ಪಿ.ಸಿ. ಗದ್ದಿಗೌಡರ 2004ರಿಂದ 2024ರವರೆಗೆ ಸತತ ಐದು ಸಲ ಗೆದ್ದಿದ್ದಾರೆ. ಮೀಸಲಾತಿ ಇಲ್ಲದೆಯೂ ಕುರ್ಚಿ ಭದ್ರ.

ಈ ಮೂರನ್ನೂ ಒಟ್ಟಿಗೆ ಹೊಂದಿಸಿ ನೋಡಿದರೆ ಒಂದು ಸೂತ್ರ ಸಿಗುತ್ತದೆ ಅನ್ನುವುದು ಈ ಲೇಖಕನ ಅಂದಾಜು. ನಮ್ಮ ಭಾಗದಲ್ಲಿ ಬಹುಕಾಲ ಉಳಿಯುವ ಸಂಸದ ಅಂದರೆ ಜಿಲ್ಲೆಯ ಶಾಸಕರಿಗೆ ಪೈಪೋಟಿ ಅಲ್ಲದವರು. ತಾಲ್ಲೂಕಿನ ಸಕ್ಕರೆ ಕಾರ್ಖಾನೆ, ಡಿಸಿಸಿ ಬ್ಯಾಂಕು, ವರ್ಗಾವಣೆ ಇವುಗಳಲ್ಲಿ ಕೈ ಹಾಕದವರು. ಅಂಥವರನ್ನು ಕೆಡವಲು ಯಾರಿಗೂ ಅವಸರ ಇರುವುದಿಲ್ಲ. ಗದ್ದಿಗೌಡರ ವಿಷಯದಲ್ಲಿ ಇದು ಅವರ ಸ್ವಭಾವದಿಂದ ಬಂದಿರಬಹುದು. ಗಲಾಟೆ ಇಲ್ಲದ ರಾಜಕಾರಣಿ ಅಂತಲೇ ಅವರು ಹೆಸರಾದವರು. ವಿಜಯಪುರದಲ್ಲಿ ಮೀಸಲಾತಿಯೇ ಈ ವ್ಯವಸ್ಥೆ ಮಾಡಿಕೊಟ್ಟಿತು. ಜಿಲ್ಲೆಯ ದೊಡ್ಡ ಗೌಡರ ಮನೆತನಗಳು ಲೋಕಸಭೆಗೆ ಸ್ವತಃ ನಿಲ್ಲುವ ಹಾಗಿಲ್ಲ. ಮಗನಿಗೋ ತಮ್ಮನಿಗೋ ಟಿಕೆಟ್ ಕೇಳುವ ಹಾಗೂ ಇಲ್ಲ. ಅವರ ಜಗಳ ವಿಧಾನಸಭೆಯಲ್ಲೇ ಮುಗಿಯುತ್ತದೆ. 2024ರಲ್ಲಿ ಬಸವನ ಬಾಗೇವಾಡಿಯ ಶಿವಾನಂದ ಪಾಟೀಲರ ಮಗಳು ಸಂಯುಕ್ತಾ ಪಾಟೀಲ ಲೋಕಸಭೆಗೆ ನಿಂತದ್ದು ತಮ್ಮ ಜಿಲ್ಲೆಯಿಂದಲ್ಲ, ಬಾಗಲಕೋಟೆಯಿಂದ. ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಚಿಕ್ಕೋಡಿಯಲ್ಲಿ ಇದರ ಉಲ್ಟಾ ಆಯಿತು. ಮೀಸಲಾತಿ ಹೋದ ದಿನವೇ ಲೋಕಸಭಾ ಟಿಕೆಟ್ ಮನೆತನಗಳ ಪೈಪೋಟಿಗೆ ಸಿಕ್ಕಿತು. ಒಂದು ಮನೆ ಗೆದ್ದರೆ ಉಳಿದ ಮೂರು ಮನೆ ಮುಂದಿನ ಸಲ ಕೆಡವಲು ಕಾಯುತ್ತವೆ. ಆದರೆ ಒಂದು ಮಾತು: ಪರಿಶಿಷ್ಟ ಪಂಗಡದ ಪ್ರಿಯಾಂಕಾ ಜಾರಕಿಹೊಳಿ 2024ರಲ್ಲಿ ಗೆದ್ದದ್ದು ಇದೇ ಸಾಮಾನ್ಯ ಕ್ಷೇತ್ರದಿಂದ, 90 ಸಾವಿರಕ್ಕೂ ಹೆಚ್ಚು ಮತದ ಅಂತರದಲ್ಲಿ. ಸಾಮಾನ್ಯ ಕ್ಷೇತ್ರ ಅಂದರೆ ಮೇಲ್ಜಾತಿಯ ಕ್ಷೇತ್ರ ಅಂತ ಎಲ್ಲೂ ಬರೆದಿಲ್ಲ. ಬಲವಾದ ಮನೆತನ ಬೇಕು, ಅಷ್ಟೆ.

ಹುಕ್ಕೇರಿ, ಗೋಕಾಕದ ಲೆಕ್ಕವೇ ಬೇರೆ

ಈ ಸೂತ್ರ ಶಾಸಕರಿಗೆ ಹೊಂದುವುದಿಲ್ಲ. ಅಲ್ಲಿ ಉಳಿಯಬೇಕಾದರೆ ಕೈ ಹಾಕಲೇಬೇಕು.

ಗೋಕಾಕ 2008ರವರೆಗೆ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು. ಆಮೇಲೆ ಸಾಮಾನ್ಯವಾಯಿತು. ರಮೇಶ ಜಾರಕಿಹೊಳಿ 1999ರಿಂದ ಅಲ್ಲೇ ಗೆಲ್ಲುತ್ತಿದ್ದಾರೆ. ಕಾಂಗ್ರೆಸ್‌ನಲ್ಲಿದ್ದಾಗಲೂ ಗೆದ್ದರು, 2019ರ ಉಪಚುನಾವಣೆಯಲ್ಲಿ ಬಿಜೆಪಿಗೆ ಬಂದ ಮೇಲೂ ಗೆದ್ದರು. ಮೀಸಲಾತಿ ಹೋದರೂ ಮನುಷ್ಯ ಹೋಗಲಿಲ್ಲ.

ಹುಕ್ಕೇರಿಯಲ್ಲಿ ಉಮೇಶ ಕತ್ತಿ ಜನತಾ ಪಕ್ಷ, ಜನತಾದಳ, ಜೆಡಿಯು, ಕಾಂಗ್ರೆಸ್, ಜೆಡಿಎಸ್, ಬಿಜೆಪಿ ಹೀಗೆ ಆರು ಪಕ್ಷಗಳ ಟಿಕೆಟ್ ಕಂಡವರು. ಕಾಂಗ್ರೆಸ್ ಒಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ಗೆದ್ದರು. ಹೇಗೆ ಸಾಧ್ಯ ಅನ್ನುವುದಕ್ಕೆ ಹುಕ್ಕೇರಿಗೇ ಹೋಗಿ ನೋಡಬೇಕು. ಕರ್ನಾಟಕದಲ್ಲಿ ಎಲ್ಲ ಕಡೆ ಕರೆಂಟ್ ಬಿಲ್ ಹೆಸ್ಕಾಂ, ಜೆಸ್ಕಾಂ ಥರದ ಕಂಪನಿಗಳಿಂದ ಬರುತ್ತದೆ. ಹುಕ್ಕೇರಿ ತಾಲ್ಲೂಕಿನಲ್ಲಿ ಮಾತ್ರ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇದೆ. ಹಳ್ಳಿಯ ಲೈನು, ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟರೆ ಬದಲಿಸುವುದು, ಸಂಘದ ನೌಕರಿ ಎಲ್ಲವೂ ಸಂಘದ ಆಡಳಿತ ಮಂಡಳಿಯ ಕೈಯಲ್ಲಿ. ಹಾಗಾಗಿ ಆ ಸಂಘದ ಚುನಾವಣೆ ವಿಧಾನಸಭೆ ಚುನಾವಣೆಯಷ್ಟೇ ಜೋರಾಗಿ ನಡೆಯುತ್ತದೆ. ರಾತ್ರಿ ಹನ್ನೊಂದಕ್ಕೆ ಟಿಸಿ ಸುಟ್ಟಾಗ ಫೋನ್ ಎತ್ತುವವರು ಯಾರು ಅಂತ ರೈತನಿಗೆ ಗೊತ್ತಿದ್ದರೆ, ಮತಪತ್ರದಲ್ಲಿ ತೆನೆ ಇದೆಯೋ ಕಮಲ ಇದೆಯೋ ಅನ್ನುವುದು ಎರಡನೇ ಮಾತು. 2023ರಲ್ಲಿ ಅವರ ಮಗ ನಿಖಿಲ್ ಕತ್ತಿ ಗೆದ್ದದ್ದನ್ನೂ ಇದರ ಜೊತೆಗೇ ಓದಬೇಕು.

ಹೀಗೆ ಶಾಸಕರ ದಾಖಲೆ ಮತ್ತು ಸಂಸದರ ದಾಖಲೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು.

ಏಳು ಸಲ ಗೆದ್ದರೂ ಮತ್ತೆ ಮಂತ್ರಿ ಯಾಕಾಗಲಿಲ್ಲ?

ಜಿಗಜಿಣಗಿ 2016ರಿಂದ 2019ರವರೆಗೆ ಕೇಂದ್ರದಲ್ಲಿ ಕುಡಿಯುವ ನೀರು ಮತ್ತು ನೈರ್ಮಲ್ಯ ಖಾತೆಯ ರಾಜ್ಯ ಸಚಿವರಾಗಿದ್ದರು. 2019ರಲ್ಲೂ 2024ರಲ್ಲೂ ಅವಕಾಶ ಸಿಗಲಿಲ್ಲ. 2024ರ ಜುಲೈನಲ್ಲಿ ಅವರು ಈ ಬೇಸರವನ್ನು ಬಹಿರಂಗವಾಗಿಯೇ ಹೇಳಿಕೊಂಡರು. ದಲಿತರಿಗೆ ಸಿಗಬೇಕಾದ ಪಾಲು ಸಿಕ್ಕಿಲ್ಲ ಅನ್ನುವ ಧಾಟಿಯ ಮಾತು ಅದು. ಪಕ್ಷಕ್ಕೆ ಮುಜುಗರವೂ ಆಯಿತು.

ಅವರ ಪರ ಇರುವವರ ವಾದ ಸರಳ. ಏಳು ಸಲ ಗೆದ್ದ ಹಿರಿಯರನ್ನು ಬಿಟ್ಟು ಬೇರೆಯವರನ್ನು ಹುಡುಕುವುದು ನ್ಯಾಯವಲ್ಲ. ವಿರೋಧಿಗಳ ವಾದವೂ ಸರಳ. ಇಷ್ಟು ವರ್ಷದಲ್ಲಿ ಜಿಲ್ಲೆಗೆ ಕೇಂದ್ರದಿಂದ ಬಂದದ್ದೇನು? ಆಲಮಟ್ಟಿಯನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಎತ್ತರಿಸಲು ಕೃಷ್ಣಾ ನ್ಯಾಯಾಧಿಕರಣ 2010ರಲ್ಲೇ ಒಪ್ಪಿತ್ತು. ಆ ತೀರ್ಪಿನ ಅಧಿಸೂಚನೆಗಾಗಿ ಜಿಲ್ಲೆ ವರ್ಷಗಟ್ಟಲೆ ಕಾಯಿತು. ಅದು ಕೇಂದ್ರದ ಕೈಯಲ್ಲಿರುವ ಕೆಲಸ. ಭೂಸ್ವಾಧೀನದ ದುಡ್ಡು ರಾಜ್ಯದ ಕೈಯಲ್ಲಿರುವ ಕೆಲಸ. ಮಹಾರಾಷ್ಟ್ರ, ತೆಲಂಗಾಣ, ಆಂಧ್ರದ ತಕರಾರು ಮೂರನೆಯದ್ದು. ಇದರಲ್ಲಿ ಒಬ್ಬ ಸಂಸದರ ತಪ್ಪೆಷ್ಟು ಅಂತ ಬೇರ್ಪಡಿಸುವುದು ಕಷ್ಟ. ಆದರೆ ನಾಲ್ಕು ಅವಧಿಯ ಸಂಸದರನ್ನು ಈ ಪ್ರಶ್ನೆ ಕೇಳುವುದು ತಪ್ಪಲ್ಲ.

ನನಗೆ ಕಾಣುವುದು ಇಷ್ಟು. ಮೇಲೆ ಹೇಳಿದ ಸೂತ್ರದ ಇನ್ನೊಂದು ಮುಖ ಇದು. ಯಾರಿಗೂ ಪೈಪೋಟಿ ಅಲ್ಲದವರು ಗೆಲ್ಲುತ್ತಾ ಹೋಗುತ್ತಾರೆ. ಮಂತ್ರಿಗಿರಿ ಹಂಚುವಾಗ ಅದೇ ಅವರಿಗೆ ಅಡ್ಡಿಯಾಗುತ್ತದೆ. ಒತ್ತಡ ಹಾಕಲು ಹಿಂದೆ ಶಾಸಕರ ದಂಡು ಇರುವುದಿಲ್ಲ.

ಮುಂದಿನ ನಕ್ಷೆ

ಈಗ ಮೊದಲ ಪ್ರಶ್ನೆಗಳಿಗೆ ಉತ್ತರ. ಗ್ರಾಮ ಪಂಚಾಯಿತಿಯಲ್ಲಿ ಮೀಸಲಾತಿ ಸರದಿಯ ಮೇಲೆ ಬದಲಾಗುತ್ತದೆ. ಲೋಕಸಭೆ, ವಿಧಾನಸಭೆಯಲ್ಲಿ ಪರಿಶಿಷ್ಟರ ಮೀಸಲಾತಿಗೆ ಸರದಿ ಇಲ್ಲ. ಸಂವಿಧಾನದ 330 ಮತ್ತು 332ನೇ ವಿಧಿಯ ಪ್ರಕಾರ ಸಂಖ್ಯೆ ತೀರ್ಮಾನವಾಗುತ್ತದೆ. ಯಾವ ಕ್ಷೇತ್ರ ಅನ್ನುವುದನ್ನು ಮರುವಿಂಗಡಣೆ ಆಯೋಗ ಹೇಳುತ್ತದೆ. ಮತ್ತೆ ಮರುವಿಂಗಡಣೆ ಆಗುವವರೆಗೆ ಅದೇ ಇರುತ್ತದೆ. 2002ರ ಕಾಯ್ದೆಯಲ್ಲಿ ಪರಿಶಿಷ್ಟ ಜಾತಿ ಸೀಟುಗಳಿಗೆ ಎರಡು ಷರತ್ತು ಇದ್ದವು. ಅವು ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಹಂಚಿರಬೇಕು. ಆದಷ್ಟು ಮಟ್ಟಿಗೆ ಆ ಸಮುದಾಯದ ಪ್ರಮಾಣ ಹೆಚ್ಚಿರುವ ಕಡೆ ಇರಬೇಕು. ಹಾಗಾಗಿ ಹೊಸ ಗಣತಿಯಲ್ಲಿ ಪ್ರಮಾಣ ಸ್ವಲ್ಪ ಆಚೀಚೆ ಆದರೂ, ಗಡಿ ಸ್ವಲ್ಪ ಸರಿದರೂ ಮೀಸಲಾತಿ ಪಕ್ಕದ ಕ್ಷೇತ್ರಕ್ಕೆ ಹೋಗಬಹುದು. ಚಿಕ್ಕೋಡಿಯಿಂದ ಹೋದದ್ದು ಹೀಗೆಯೇ.

ಮುಂದಿನ ಜನಗಣತಿಗೆ 2025ರ ಜೂನ್ 16ರಂದು ಅಧಿಸೂಚನೆ ಬಂದಿದೆ. ದೇಶದ ಬಹುತೇಕ ಭಾಗಕ್ಕೆ 2027ರ ಮಾರ್ಚ್ 1 ಲೆಕ್ಕದ ದಿನ. ಇದಕ್ಕೆ ಇನ್ನೊಂದು ಎಳೆ ಕೂಡಿಕೊಂಡಿದೆ. 2023ರ 106ನೇ ಸಂವಿಧಾನ ತಿದ್ದುಪಡಿ ಲೋಕಸಭೆ, ವಿಧಾನಸಭೆಗಳ ಮೂರನೇ ಒಂದು ಸೀಟನ್ನು ಮಹಿಳೆಯರಿಗೆ ಕೊಡುತ್ತದೆ. ಪರಿಶಿಷ್ಟರ ಸೀಟುಗಳ ಒಳಗೂ ಮೂರನೇ ಒಂದು ಮಹಿಳೆಯರಿಗೆ. ತಿದ್ದುಪಡಿಯಲ್ಲಿ ಬರೆದಿರುವ ಪ್ರಕಾರ ಹೊಸ ಗಣತಿ ಮತ್ತು ಅದರ ಮೇಲಿನ ಮರುವಿಂಗಡಣೆ ಆದ ಮೇಲೆ ಇದು ಜಾರಿಗೆ ಬರುತ್ತದೆ. ಮಹಿಳಾ ಸೀಟುಗಳು ಆ ನಂತರದ ಪ್ರತಿ ಮರುವಿಂಗಡಣೆಗೆ ಬದಲಾಗುತ್ತವೆ.

ಹೀಗಾಗಿ ವಿಜಯಪುರಕ್ಕೆ ಮೂರು ಸಾಧ್ಯತೆ ಇವೆ. ಪರಿಶಿಷ್ಟ ಜಾತಿ ಮೀಸಲಾಗಿ ಮುಂದುವರಿದರೆ ಈಗಿನ ಲೆಕ್ಕವೇ ಮುಂದುವರಿಯುತ್ತದೆ, ಅಭ್ಯರ್ಥಿ ಯಾರು ಅನ್ನುವುದಷ್ಟೇ ಪ್ರಶ್ನೆ. ಪರಿಶಿಷ್ಟ ಜಾತಿ ಮಹಿಳೆಗೆ ಮೀಸಲಾದರೆ ಎರಡೂ ಪಕ್ಷದ ಹಳೆಯ ಪಟ್ಟಿ ಒಂದೇ ದಿನದಲ್ಲಿ ಖಾಲಿಯಾಗುತ್ತದೆ. ಹೊಸಬರಿಗೆ ದಾರಿ ಆಗಬಹುದು. ಅವೇ ಮನೆಗಳ ಹೆಂಡತಿ, ಸೊಸೆ, ಮಗಳು ಮುಂದೆ ಬರಬಹುದು. 2019ರ ಜೆಡಿಎಸ್ ಅಭ್ಯರ್ಥಿ ಆಗ ನಾಗಠಾಣದ ಶಾಸಕರಾಗಿದ್ದವರ ಪತ್ನಿ. ಸಾಮಾನ್ಯ ಕ್ಷೇತ್ರವಾದರೆ ಚಿಕ್ಕೋಡಿಯಲ್ಲಿ 2009ರ ನಂತರ ಆದದ್ದು ಇಲ್ಲೂ ಆಗುವ ಸಂಭವ ಜಾಸ್ತಿ. ಇಲ್ಲಿನ ಪಾಟೀಲರ ಮನೆತನಗಳು ಆ ದಿನಕ್ಕಾಗಿ ಕಾಯುತ್ತಿಲ್ಲ ಅಂತ ಹೇಳುವವರು ಕಡಿಮೆ.

ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. ಪರಿಶಿಷ್ಟ ಜಾತಿಗಳ ಒಳಮೀಸಲಾತಿಗೆ ರಾಜ್ಯ ಸಂಪುಟ 2025ರ ಆಗಸ್ಟ್‌ನಲ್ಲಿ 6, 6, 5ರ ಸೂತ್ರ (ಎಡಗೈ, ಬಲಗೈ ಗುಂಪುಗಳಿಗೆ ತಲಾ ಶೇ 6, ಉಳಿದ ಪರಿಶಿಷ್ಟ ಜಾತಿಗಳಿಗೆ ಶೇ 5) ಒಪ್ಪಿತು. ಅದು ನೌಕರಿ ಮತ್ತು ಶಿಕ್ಷಣಕ್ಕೆ. ಲೋಕಸಭೆ, ವಿಧಾನಸಭೆ ಸೀಟುಗಳಿಗೆ ಒಳಮೀಸಲಾತಿ ಇಲ್ಲ. ಎಡಗೈ, ಬಲಗೈ, ಲಂಬಾಣಿ, ಭೋವಿ ಎಲ್ಲರೂ ಅದೇ ಒಂದು ಟಿಕೆಟ್‌ಗೆ ಪೈಪೋಟಿ ನಡೆಸಬೇಕು.

ನಕ್ಷೆ ಬರೆಯುವಾಗ ಜನಕ್ಕೆ ಮಾತಾಡಲು ಅವಕಾಶ ಇದೆಯಾ? ಹಿಂದಿನ ಸಲ ಇತ್ತು. ಆಯೋಗಕ್ಕೆ ನಮ್ಮ ರಾಜ್ಯದಿಂದ ಐವರು ಸಂಸದರು, ಐವರು ಶಾಸಕರು ಸಹ ಸದಸ್ಯರಾಗಿದ್ದರು. ಅವರಿಗೆ ಮಾತಾಡುವ ಹಕ್ಕಿತ್ತು, ಮತ ಹಾಕುವ ಹಕ್ಕಿರಲಿಲ್ಲ. ಕರಡು ನಕ್ಷೆ ಪ್ರಕಟವಾಗಿ, ಆಕ್ಷೇಪಣೆ ಕರೆದು, ಬಹಿರಂಗ ಸಭೆಗಳೂ ನಡೆದವು. ಅಂತಿಮ ಆದೇಶ ಬಂದ ಮೇಲೆ ಅದಕ್ಕೆ ಕಾನೂನಿನ ಬಲ ಬರುತ್ತದೆ. 329ನೇ ವಿಧಿ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಅಡ್ಡ ನಿಲ್ಲುತ್ತದೆ. ಆದ್ದರಿಂದ ನಾಗಠಾಣ ಎಲ್ಲಿ ಸೇರುತ್ತದೆ, ಇಂಡಿಯ ಯಾವ ಹೋಬಳಿ ಎಲ್ಲಿಗೆ ಹೋಗುತ್ತದೆ ಅನ್ನುವ ತಕರಾರು ಇದ್ದವರು ಅದನ್ನು ಹೇಳಬೇಕಾದದ್ದು ಕರಡು ಪ್ರಕಟವಾದ ಆ ಕೆಲವೇ ವಾರಗಳಲ್ಲಿ.